ಕತ್ತಲಲ್ಲಿ ಹತ್ತಿದ ಮೆಟ್ಟಿಲು

ಹ್ಯಾಲೊವೀನ್ ಸಂಜೆ ನಮ್ಮ ಚರ್ಚಿನಲ್ಲಿ ಪ್ರತಿ ವರ್ಷವೂ ಒಂದೇ ಹಳೆಯ ಮೂಕಿ ಚಿತ್ರ. ಮುಳುಗಿ ಸತ್ತ ದೀಪಸ್ತಂಭದ ಕಾವಲುಗಾರ, ಮೈಯಿಂದ ನೀರು ಸುರಿಸುತ್ತ, ಹೆಂಡತಿಯನ್ನು ಹುಡುಕಿಕೊಂಡು ಮೆಟ್ಟಿಲು ಹತ್ತಿ ಬರುವ ಕತೆ. ಅದರ ಉಸಿರು, ಹೆಜ್ಜೆ, ಚೀತ್ಕಾರವೆಲ್ಲ ನನ್ನ ಅಕ್ಕ ಸಿಗ್ರಿಡ್ ನುಡಿಸುವ ಆರ್ಗನ್ನಿನಿಂದಲೇ ಬರಬೇಕು.

ನಾನು ಅದನ್ನು ಎಂದೂ ಪೂರ್ತಿ ನೋಡಿದವನಲ್ಲ. ಮೆಟ್ಟಿಲು ಬಂತೆಂದರೆ ಕಣ್ಣು ಮುಚ್ಚಿಬಿಡುತ್ತಿದ್ದೆ. ಊರೆಲ್ಲ ನಗುತ್ತಿತ್ತು. ಆದರೆ ಕೀರ್ತನೆಗಳನ್ನು ಕೇಳುತ್ತ ಬೆಳೆದ ಕಿವಿ ಮುಚ್ಚುತ್ತಿರಲಿಲ್ಲ.

ಹೋದ ವರ್ಷ ಅಕ್ಕ ಶವಸಂಸ್ಕಾರದ ದೃಶ್ಯಕ್ಕೆ ಮದುವೆಯ ರಾಗ ನುಡಿಸಿಬಿಟ್ಟಳು. ಜನ ಬಿದ್ದುಬಿದ್ದು ನಕ್ಕರು. ಸಮಿತಿಯ ಮುಖ್ಯಸ್ಥ ಹಾರ್ಲನ್ ಮಾತ್ರ ನಗಲಿಲ್ಲ.

"ಈ ಸಲ ಇನ್ನೊಂದು ತಪ್ಪಾದ್ರೆ ಮುಂದಿನ ವರ್ಷದಿಂದ ರೆಕಾರ್ಡ್ ಹಾಕ್ತೀವಿ ಸಿಗ್ರಿಡ್. ಬೇಜಾರು ಮಾಡ್ಕೋಬೇಡಿ," ಎಂದು ಈ ಸಂಜೆ ಬಾಗಿಲಲ್ಲೇ ಹೇಳಿದ.

ಕಣ್ಣು ಮಂದವಾಗಿ ಅಕ್ಕನಿಗೆ ಆರ್ಗನ್ನಿನ ಮೇಲಿನ ಪುಟ್ಟ ದೀಪದಾಚೆ ಏನೂ ಕಾಣುವುದಿಲ್ಲವೆಂದು ಅವನಿಗೆ ಗೊತ್ತಿರಲಿಲ್ಲ. ನನಗೊಬ್ಬನಿಗೇ ಗೊತ್ತಿತ್ತು. ಹಾಳೆ ತಿರುಗಿಸುವ ನೆಪದಲ್ಲಿ ಅವಳ ಪಕ್ಕ ಕೂತೆ. ಪರದೆಯ ಮೇಲಿನ ಸಂಗತಿಯನ್ನು ಪಿಸುಗುಡಬೇಕು. ಮೆಟ್ಟಿಲಿನ ದೃಶ್ಯದಲ್ಲಿ ಹೆಣ ಇಟ್ಟ ಒಂದೊಂದು ಹೆಜ್ಜೆಗೂ ಅವಳ ಬೆನ್ನು ತಟ್ಟಬೇಕು.

"ಇವತ್ತು ಕಣ್ಣು ಮುಚ್ಚಿದೆಯೋ, ಆ ಹೆಣಕ್ಕಿಂತ ಮುಂಚೆ ನಾನೇ ನಿನ್ನ ಕತ್ತು ಹಿಸುಕ್ತೀನಿ."

"ಅಕ್ಕ, ನಂಗೆ ಈಗ್ಲೇ ಬೆವರ್ತಿದೆ."

"ಬೆವರ್ಕೋ ಆಲ್ವಿನ್. ಕಣ್ಣು ಮಾತ್ರ ಬಿಟ್ಕೊಂಡಿರು."

ದೀಪಗಳು ಆರಿದವು. ಮದುವೆಗೆ ಮದುವೆ, ಬಿರುಗಾಳಿಗೆ ಬಿರುಗಾಳಿ, ಶವಕ್ಕೆ ಶೋಕ: ಎಲ್ಲವೂ ಹೊಂದಿಬಂತು. ಮುಂದಿನ ಸಾಲಿನಲ್ಲಿ ಹಾರ್ಲನ್ ಕೈಕಟ್ಟಿ ಕೂತಿದ್ದ. ಕೊನೆಗೆ ದೀಪಸ್ತಂಭದ ಕೆಳಬಾಗಿಲು ತೆರೆಯಿತು. ಒದ್ದೆ ಕಾಲೊಂದು ಮೊದಲ ಮೆಟ್ಟಿಲ ಮೇಲೆ ಬಂತು. ನಾನು ಕಣ್ಣು ಮುಚ್ಚಲಿಲ್ಲ. ತಟ್ಟಿದೆ. ಅಕ್ಕ ತಗ್ಗಿನ ಸ್ವರವನ್ನು ಒತ್ತಿದಳು, ನೆಲ ಅದುರಿತು.

ಅಷ್ಟರಲ್ಲಿ ಪರದೆ ಕಪ್ಪಾಯಿತು.

ಪ್ರೊಜೆಕ್ಟರಿನ ಬಲ್ಬು ಹೋಗಿತ್ತು. ರೀಲು ಮಾತ್ರ ಕಟಕಟನೆ ಓಡುತ್ತಲೇ ಇತ್ತು. ಹೇಳಿದರೆ ಅಕ್ಕನ ಕೈ ನಿಲ್ಲುತ್ತದೆ. ನಿಂತರೆ ಮತ್ತೆ ಎಲ್ಲಿಂದ ಹಿಡಿಯಬೇಕೆಂದು ಇಬ್ಬರಿಗೂ ತಿಳಿಯುವುದಿಲ್ಲ. ತಟ್ಟೋಣವೆಂದರೆ ಆ ಮೆಟ್ಟಿಲುಗಳನ್ನು ನಾನು ಯಾವತ್ತು ನೋಡಿದ್ದೆ?

ಕೇಳಿದ್ದೆ. ಇಷ್ಟು ವರ್ಷ ಮುಚ್ಚಿದ ರೆಪ್ಪೆಯ ಹಿಂದೆ ಅವಳು ನುಡಿಸಿದ್ದನ್ನೆಲ್ಲ ಕೇಳಿದ್ದೆ. ಕೀರ್ತನೆಯ ಸಾಲಿನ ನಡುವೆ ಸಭೆ ತಡೆದು ಉಸಿರೆಳೆಯುತ್ತದಲ್ಲ, ಅವಳ ಹೆಣವೂ ಹಾಗೆಯೇ ತಡೆದು ತಡೆದು ಹತ್ತುತ್ತಿತ್ತು. ಹೆಜ್ಜೆ. ಹೆಜ್ಜೆ. ಉಸಿರು. ನೆನಪಿನ ಲೆಕ್ಕದಲ್ಲೇ ಅವಳ ಬೆನ್ನು ತಟ್ಟುತ್ತ ಹೋದೆ.

ಕಗ್ಗತ್ತಲಲ್ಲಿ ಅದು ಹತ್ತಿ ಬಂತು. ಯಾರೂ ಕೆಮ್ಮಲಿಲ್ಲ. ಹಿಂದೆಲ್ಲೋ ಒಬ್ಬಾಕೆ, "ಅಯ್ಯೋ ದೇವರೇ, ಬಂದೇಬಿಡ್ತು," ಎಂದಳು. ಒಂದು ಹೆಜ್ಜೆ ಹೆಚ್ಚುಕಡಿಮೆಯಾದರೂ ಅಕ್ಕನ ಜಾಗ ಹೋದಂತೆ. ಇನ್ನೊಂದು ಹೆಜ್ಜೆ. ತಡೆ. ಅಂಗೈಯನ್ನು ಪೂರ್ತಿ ಅವಳ ಬೆನ್ನಿಗೆ ಒತ್ತಿದೆ: ಬಾಗಿಲು.

ಅಕ್ಕ ಎರಡೂ ಕೈಗಳಿಂದ ಆರ್ಗನ್ನಿನ ಕೀಲಿಮಣೆಯನ್ನು ಅಪ್ಪಳಿಸಿದಳು. ಆ ಕ್ಷಣವೇ ಹೊಸ ಬಲ್ಬು ಹೊತ್ತಿತು. ಪರದೆಯ ತುಂಬ ತೆರೆದ ಬಾಗಿಲು, ಚೀರುವ ಹೆಂಗಸು. ಸಭೆಯೂ ಚೀರಿತು. ನಾನೂ.

ಚಿತ್ರ ಮುಗಿದು ಜನ ಕರಗಿದ ಮೇಲೆ ಹಾರ್ಲನ್ ಬಂದ.

"ಚಿತ್ರ ಹೋದ್ರೂ ನೀವು ನಿಲ್ಲಿಸ್ಲೇ ಇಲ್ವಲ್ಲ ಸಿಗ್ರಿಡ್!"

"ಚಿತ್ರ ಯಾವಾಗ ಹೋಗಿತ್ತು?" ಎಂದಳು ಅಕ್ಕ.

ಹಾರ್ಲನ್ ಅವಳ ಕಣ್ಣುಗಳನ್ನೇ ನೋಡಿದ. ಆಮೇಲೆ ಇನ್ನೂ ಅವಳ ಬೆನ್ನ ಮೇಲಿದ್ದ ನನ್ನ ಕೈಯನ್ನು ನೋಡಿದ.

"ಕಣ್ಣಿನ ವಿಷಯ ಭಾನುವಾರ ನೀವೇ ಎಲ್ಲರಿಗೂ ಹೇಳ್ಬಿಡಿ. ನಾನು ಹೇಳಲ್ಲ."

"ಅವರು ನಾನು ಬೇಡ ಅಂದ್ರೆ?" ಎಂದಳು ಅಕ್ಕ.

"ಅಷ್ಟು ಹೊತ್ತು ಕತ್ತಲಲ್ಲಿ ಕೂತಿದ್ರು, ಒಬ್ಬರೂ ಏಳ್ಲಿಲ್ಲ. ಅವರ ಬಾಯಲ್ಲಿ ಬೇಡ ಅಂತ ಹೇಗೆ ಬರುತ್ತೆ?" ಟೋಪಿ ಹಾಕಿಕೊಂಡ. "ರೆಕಾರ್ಡ್ ಆಗಿದ್ರೆ ಇಷ್ಟು ಹೊತ್ತಿಗೆ ನಾನು ಮನೇಲಿ ನಿದ್ದೆ ಮಾಡ್ತಿದ್ದೆ. ಈಗ ನಿದ್ದೆ ಎಲ್ಲಿಂದ ಬರಬೇಕು?"

ಅವನು ಹೋದ ಮೇಲೆ ಅಕ್ಕ ಆರ್ಗನ್ನಿನ ಮುಚ್ಚಳ ಎಳೆದಳು.

"ಅಕ್ಕ, ಆ ಕಾವಲುಗಾರ ಮೆಟ್ಟಿಲು ಹತ್ತೋವಾಗ ಮುಖ ಹೇಗಿರುತ್ತೆ?"

"ಕಣ್ಣಿದ್ದೋನು ನನ್ನನ್ನ ಕೇಳ್ತೀಯಾ?" ಎಂದು ನನ್ನ ತೋಳು ಹಿಡಿದಳು. "ಮುಂದಿನ ವರ್ಷ ನೋಡ್ಕೊಂಡು ನೀನೇ ಹೇಳು."