ತಪ್ಪು ಬೇರೆ, ಪಾಲು ಬೇರೆ

ವಿಚಾರಣೆ ಮುಗಿದು, ಬಸ್ ಚಾಲಕನದೇನೂ ತಪ್ಪಿಲ್ಲ ಎಂದು ತೀರ್ಮಾನವಾಯಿತು. ಮುದುಕರೊಬ್ಬರು ಅತ್ತಿತ್ತ ನೋಡದೆ ಬಸ್ಸಿನ ಮುಂದೆ ರಸ್ತೆಗಿಳಿದುಬಿಟ್ಟಿದ್ದರು. ಬ್ರೇಕ್ ಒತ್ತುವಷ್ಟರಲ್ಲಿ ಕೈಮೀರಿತ್ತು, ಅವರು ಅಲ್ಲೇ ತೀರಿಕೊಂಡಿದ್ದರು. ಡಿಪೋದವರು ಅವನ ಬೆನ್ನು ತಟ್ಟಿದರು. ಹೆಂಡತಿ "ಸದ್ಯ, ಬಚಾವಾದೆವು" ಎಂದಳು. ಅವನು ಮಾತ್ರ ಕೆಲಸಕ್ಕೆ ಹೋಗಲಿಲ್ಲ. ರಜೆ ಹಾಕಿ ಮನೆಯಲ್ಲಿ ಕೂತ.

"ತಪ್ಪಿಲ್ಲ ಅಂದ್ಮೇಲೆ ಮತ್ತೇನು ನಿಮ್ಮ ಗೋಳು?" ಎಂದು ಹೆಂಡತಿ ಕೇಳಿದಳು. ಅವನಿಗೂ ಗೊತ್ತಾಗದೆ ಇದ್ದದ್ದು ಅದೇ.

ಅವನ ಅಕ್ಕನ ಗಂಡ ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಮನೆಮಂದಿಗೆಲ್ಲ ಅವರೊಂದು ತಮಾಷೆ. ಬಲ್ಬ್ ಕೆಟ್ಟರೆ "ಭಾವನ್ನ ಕರೀರಿ, ಕತ್ತಲು ಅಂದ್ರೇನು ಅಂತ ವಿವರಿಸ್ತಾರೆ" ಎಂದು ಎಲ್ಲರನ್ನೂ ನಗಿಸುತ್ತಿದ್ದವನು ಇವನೇ. ಆ ಭಾವ ಭಾನುವಾರ ಮಧ್ಯಾಹ್ನ ಬಂದು, ಸಮಾಧಾನದ ಮಾತೇನೂ ಆಡದೆ ಎದುರು ಕೂತರು.

"ಭಾವ, ನಂದು ತಪ್ಪಿದೆಯಾ?"

"ಇಲ್ಲ."

"ಮತ್ಯಾಕೆ ಒಳಗೆ ಹೀಗೆ ಕುಟುಕುತ್ತೆ? ನನಗೆ ತಲೆ ಕೆಟ್ಟಿದೆಯಾ?"

ಭಾವ ಕೇಳಿದರು, "ಅವತ್ತು ಹಿಂದಿನ ಸೀಟಲ್ಲಿ ಕೂತಿದ್ದ ಪ್ರಯಾಣಿಕನದೂ ತಪ್ಪಿಲ್ಲ. ಅವನೂ ನೀನೂ ಒಂದೇನಾ?"

"ಅದ್ಹೇಗಾಗುತ್ತೆ? ಬಸ್ ಓಡಿಸಿದ್ದು ನಾನು."

"ನೋಡು, ತಪ್ಪು ಬೇರೆ, ಪಾಲು ಬೇರೆ. ನಿನ್ನ ತಪ್ಪಿಲ್ಲ, ಪಾಲಿದೆ. ಎಲ್ಲರೂ ಎರಡನ್ನೂ ಒಟ್ಟಿಗೆ ಒರೆಸಿಹಾಕೋಕೆ ನೋಡ್ತಿದ್ದಾರೆ, ನಿನ್ನ ಮನಸ್ಸು ಒಪ್ತಿಲ್ಲ. ತಲೆ ಕೆಟ್ಟಿದ್ದರೆ ಒಪ್ಕೊಂಡುಬಿಡ್ತಿತ್ತೇನೋ."

"ಪಾಲಿದ್ರೆ ಏನು ಮಾಡ್ಬೇಕು?"

"ಅದು ನನಗೂ ಗೊತ್ತಿಲ್ಲ ಕಣಯ್ಯಾ."

ಮಾರನೆಯ ದಿನ ಅವನು ಯಾರಿಗೂ ಹೇಳದೆ ಆ ಮುದುಕರ ಮನೆ ಹುಡುಕಿಕೊಂಡು ಹೋದ. ಬಾಗಿಲು ತೆಗೆದ ಮಗಳು ಅವನನ್ನು ವಿಚಾರಣೆಯಲ್ಲಿ ನೋಡಿದ್ದಳು. ಮುಖ ಬಿಗಿಯಿತು.

"ಕ್ಷಮೆ ಕೇಳೋಕೆ ಬಂದ್ರಾ?"

"ಇಲ್ಲಮ್ಮ. ತಪ್ಪು ನಂದಲ್ಲ. ಆದ್ರೆ ನಿಮ್ಮ ತಂದೇನ ಕೊನೇಲಿ ನೋಡಿದ್ದು ನಾನು. ಬರದೇ ಇರೋಕೆ ಆಗ್ಲಿಲ್ಲ."

ಅವಳು ಬಾಗಿಲು ಮುಚ್ಚುವುದರಲ್ಲಿದ್ದಳು, ಮುಚ್ಚಲಿಲ್ಲ. "ಅಪ್ಪ ಹೆದರಿದ್ರಾ?" ಎಂದಳು.

"ಇಲ್ಲ. ನನ್ನ ಕಡೆ ನೋಡ್ಲೇ ಇಲ್ಲ. ರಸ್ತೆಯಾಚೆ ಯಾರನ್ನೋ ಕಂಡು ಕೈಯೆತ್ತಿ ನಗ್ತಿದ್ರು."

ಅವಳು ಹೊಸ್ತಿಲ ಮೇಲೇ ಕೂತಳು. ವೇಗ, ದೂರ, ಬ್ರೇಕು, ಎಲ್ಲ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಇದನ್ನು ಯಾರೂ ಹೇಳಿರಲಿಲ್ಲ.

"ಇನ್ನೊಂದ್ಸಲ ಹೇಳಿ."

ಹೇಳಿದ. ಅವಳು ಒಳಗೆ ಕರೆಯಲಿಲ್ಲ, ಅವನೂ ಅದಕ್ಕಾಗಿ ಕಾಯಲಿಲ್ಲ. ಹೊರಟಾಗ "ಮತ್ತೆ ಬರಬೇಡಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ವಾರ ಕಳೆದು ಅವನು ಕೆಲಸಕ್ಕೆ ಮರಳಿದ. ಮೇಲಧಿಕಾರಿ ಬೇರೆ ಮಾರ್ಗ ಕೊಡಲು ಮುಂದಾದರು, ಬೇಡವೆಂದ. ಆ ಜಾಗ ಬಂದಾಗ ಎದೆ ಭಾರವಾಯಿತು. ಭಾರ ಇರಬೇಕಾದದ್ದೇ ಅನ್ನಿಸಿ, ಗೇರ್ ಇಳಿಸಿ ನಿಧಾನವಾಗಿ ದಾಟಿದ.