ಮೂರನೆಯ ಮುದ್ರಣದ ಚಿನ್ನ

ಪ್ರೆಸ್ಸಿನಲ್ಲಿ ಕರಡು ತಿದ್ದುವವಳಿಗೆ ಎಲ್ಲರೂ ಕರೆಯುವ ಹೆಸರು ಕನ್ನಡಕಮ್ಮ. ಮೂವತ್ತೂ ತುಂಬದವಳಿಗೆ ಇದೆಂಥ ಹೆಸರು ಎಂದು ಮೊದಮೊದಲು ಮೂಗು ಮುರಿದಿದ್ದಳು, ಆಮೇಲೆ ಒಗ್ಗಿಹೋಯಿತು. ಹೆಸರಿಟ್ಟವನು ಪುಸ್ತಕ ಹೊಲಿಯುವ ಗೋಂದಣ್ಣ. ಊಟಕ್ಕೆ ಕೂತಾಗಲೂ ಅವನ ಉಗುರಿನ ಸಂದಿಯಲ್ಲಿ ಗೋಂದು ಇರುತ್ತಿತ್ತು.

ಊರಿನ ಪ್ರೆಸ್ಸುಗಳೆಲ್ಲ ಸೇರಿ ವರ್ಷಕ್ಕೊಮ್ಮೆ ಕೇರಂ ಪಂದ್ಯ ನಡೆಸುತ್ತಿದ್ದವು. ಅದರ ನಿಯಮಗಳ ಪುಸ್ತಕ ಅಚ್ಚಾಗುತ್ತಿದ್ದುದು ಇವರಲ್ಲೇ. ಗೋಂದಣ್ಣ ಆರು ಸಲ ಬೆಳ್ಳಿ ಗೆದ್ದಿದ್ದ, ಚಿನ್ನ ಒಮ್ಮೆಯೂ ಇಲ್ಲ. ಅವನ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ಏಳನೆಯ ಸಲ ಫೈನಲ್ಲಿನಲ್ಲಿ ಎದುರು ಕೂತವಳು ಕನ್ನಡಕಮ್ಮ. ಊಟದ ಬಿಡುವಿನಲ್ಲಿ ಅವಳಿಗೆ ಆಟ ಕಲಿಸಿದವನೂ ಅವನೇ.

ಕೊನೆಯ ಬೋರ್ಡು. ಗೋಂದಣ್ಣನ ಒಂದೇ ಏಟಿಗೆ ಕೆಂಪು, ಅವನದೊಂದು ಬಿಳಿ ಕಾಯಿ, ಹಿಂದೆಯೇ ಸ್ಟ್ರೈಕರು, ಮೂರೂ ಒಳಗೆ ಬಿದ್ದವು.

"ಕೆಂಪು ವಾಪಸ್ ಇಡ್ತೀನಿ. ಸರದಿ ಮಾತ್ರ ನಂದೇ," ಎಂದ.

ತೀರ್ಪುಗಾರ ಪುಸ್ತಕ ಬಿಚ್ಚಿದ. ಮೂರನೆಯ ಮುದ್ರಣ. "ಸ್ಟ್ರೈಕರ್ ಬಿದ್ದರೆ ಸರದಿ ಎದುರಾಳಿಗೆ. ಇಷ್ಟೇ ಇರೋದು."

ಇಷ್ಟೇ ಇರಲಿಲ್ಲ. ಎರಡನೆಯ ಮುದ್ರಣದಲ್ಲಿ ಪುಟ ತಿರುಗಿಸಿದರೆ ಇನ್ನೊಂದು ಸಾಲಿತ್ತು: ಅದೇ ಏಟಿಗೆ ಸ್ವಂತ ಕಾಯಿಯೂ ಬಿದ್ದಿದ್ದರೆ ಸರದಿ ಆಟಗಾರನಲ್ಲೇ ಉಳಿಯುತ್ತದೆ. ಮೂರನೆಯದರ ಕರಡು ಬಂದ ದಿನ ಅವಳು ಬಸ್ಸು ತಪ್ಪುತ್ತದೆಂದು ಹಳೆಯ ಪ್ರತಿಯೊಂದಿಗೆ ತಾಳೆ ನೋಡಿರಲಿಲ್ಲ. ಮೇಲೆ ಮೇಲೆ ಓದಿ ಸಹಿ ಹಾಕಿದ್ದಳು. ಸಾಲು ಬಿಟ್ಟುಹೋದದ್ದು ಈಗ ಹೊಳೆಯಿತು. ಬಾಯಿ ತೆರೆದಳು.

"ಇರಲಿ ಬಿಡಿ ಸಾರ್," ಎಂದ ಗೋಂದಣ್ಣ. "ನಮ್ಮ ಕನ್ನಡಕಮ್ಮ ಓದಿದ ಪುಸ್ತಕ. ನನ್ನ ತಲೆ ತಪ್ಪಬಹುದು, ಇವಳ ಕಣ್ಣು ತಪ್ಪಲ್ಲ."

ತೆರೆದ ಬಾಯಿ ಮುಚ್ಚಿತು. ನಾಲ್ಕು ಏಟಿಗೆ ಬೋರ್ಡು ಮುಗಿಸಿದಳು. ಕೊರಳಿಗೆ ಚಿನ್ನ ಬಿತ್ತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಗೋಂದಣ್ಣ.

ಮನೆಯಲ್ಲಿ ಅಮ್ಮ ಪದಕವನ್ನು ಟೀವಿಯ ಮೇಲಿನ ಮೊಳೆಗೆ ತೂಗುಹಾಕಿದಳು. ಮಗಳು ಟೀವಿ ನೋಡುವುದನ್ನೇ ಬಿಟ್ಟಳು.

ನಾಲ್ಕು ತಿಂಗಳಿಗೆ ನಾಲ್ಕನೆಯ ಮುದ್ರಣದ ಕರಡು ಬಂತು. ಬಿಟ್ಟ ಸಾಲನ್ನು ಸೇರಿಸಿದಳು. ಅದೇನೂ ಕಷ್ಟವಾಗಲಿಲ್ಲ. ಆದರೆ ಪ್ರತಿ ಮುದ್ರಣದ ಮೊದಲ ಪುಟದಲ್ಲಿ ಬದಲಾವಣೆಗಳ ಪಟ್ಟಿ ಇರಬೇಕು, ಅದನ್ನು ಬರೆಯುವವಳೂ ಅವಳೇ. 'ಹಿಂದಿನ ಮುದ್ರಣದಲ್ಲಿ ಬಿಟ್ಟುಹೋದದ್ದು' ಎಂದು ಬರೆದಳು. ಹೊಡೆದುಹಾಕಿದಳು. 'ಹೊಸದಾಗಿ ಸೇರಿಸಿದ ನಿಯಮ' ಎಂದು ಬರೆದು ಕಳಿಸಿದಳು.

ವಾರ ಕಳೆದು ಹೊಲಿಗೆಯ ಕೋಣೆಯಿಂದ ಕೂಗು ಬಂತು. "ಏ ಕನ್ನಡಕಮ್ಮ, ಬಾರೇ ಇಲ್ಲಿ!"

ಗೋಂದಣ್ಣ ಸೂಜಿ ಹಿಡಿದ ಕೈಯಲ್ಲೇ ಮೊದಲ ಪುಟ ತೋರಿಸಿದ. "ಅವತ್ತು ನಾನೇ ಬಾಯಿಗೆ ಬಂದಿದ್ದು ಹೇಳ್ದೆ ಅಂದ್ಕೊಂಡಿದ್ದೆ. ನೀನು ಅದನ್ನ ಮನಸ್ಸಲ್ಲಿಟ್ಕೊಂಡು ನಿಯಮಾನೇ ಮಾಡಿಸಿಬಿಟ್ಯಲ್ಲೇ ತಾಯಿ! ಚಿನ್ನ ಯಾರಿಗೆ ಬೇಕು ಇನ್ನು?"

"ಗೋಂದಣ್ಣನ ನಿಯಮ ಅಲ್ವಾ, ಗಟ್ಟಿಯಾಗಿ ಅಂಟ್ಕೊಂಡಿರುತ್ತೆ," ಎಂದು ಕಾಗದ ಕತ್ತರಿಸುವವನು ನಕ್ಕ.

ಅವಳಿಗೆ ನೆಲದೊಳಗೆ ಇಳಿದುಹೋದರೆ ಸಾಕೆನಿಸಿತು.

"ಹೊಲಿಯೋದು ನಿಲ್ಲಿಸಿ, ಅಣ್ಣ. ಅದು ಹೊಸದಲ್ಲ. ಎರಡನೇ ಮುದ್ರಣದಲ್ಲೇ ಇತ್ತು. ನಾನು ತಾಳೆ ನೋಡ್ದೆ ಬಿಟ್ಟಿದ್ದು."

"ಅಯ್ಯೋ, ಅಷ್ಟೇನಾ? ಕಣ್ತಪ್ಪು ಯಾರಿಗಿಲ್ಲ." ಅವನು ಇನ್ನೂ ನಗುತ್ತಿದ್ದ. "ನಿಂಗ್ಯಾವಾಗ ಗೊತ್ತಾಯ್ತು?"

ಕತ್ತರಿಸುವವನು ಯಂತ್ರ ನಿಲ್ಲಿಸಿದ.

"ಅವತ್ತೇ. ತೀರ್ಪುಗಾರರು ಓದಿದಾಗಲೇ."

ಗೋಂದಣ್ಣ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟ. ಹೊಲಿದಿಟ್ಟ ಪ್ರತಿಗಳ ಕಡೆ ನೋಡಿದ. ಅವಳ ಕಡೆ ನೋಡಲಿಲ್ಲ.

"ಪದಕ ನಾಳೆ ತಂದ್ಕೊಡ್ತೀನಿ..."

"ಅದನ್ನ ತಗೊಂಡು ನಾನೇನು ಮಾಡ್ಲಿ?" ಎಂದು ಒಂದು ಪ್ರತಿ ಎಳೆದುಕೊಂಡ. "ಮೊದಲ ಪುಟ ಸರಿಯಾಗಿ ಬರೆದು ಕೊಡಿ, ಮೇಡಂ. ಹೊಲಿದಿದ್ದನ್ನ ಬಿಚ್ಚಿಡ್ತೀನಿ. ನೀವು ಹೋಗಿ."

ಇಷ್ಟು ವರ್ಷದಲ್ಲಿ ಅವನು ಅವಳನ್ನು ನೀವು ಎಂದದ್ದು ಅದೇ ಮೊದಲು.

ಅವಳು ಮೇಜಿಗೆ ಹೋಗಿ ಬರೆಯಲು ಕೂತಳು. ಗೋಡೆಯಾಚೆ ದಾರ ಕೀಳುವ ಸದ್ದು ಒಂದೊಂದಾಗಿ ಕೇಳತೊಡಗಿತು.