ಹಸಿರು ಬಂದ ಹುಡುಗಿ

ಆಸ್ಪತ್ರೆಯ ಮೂಳೆ ವಿಭಾಗದ ಹೊರಗಿನ ಬೆಂಚಿನಲ್ಲಿ ಚಿನ್ನಿ ಅಪ್ಪ ಅಮ್ಮನ ನಡುವೆ ಕೂತಿದ್ದಳು. ಬಲಗೈಗೆ ಪ್ಲಾಸ್ಟರು, ಗಲ್ಲದಲ್ಲಿ ಹೊಲಿಗೆಯ ಗುರುತು, ತೊಡೆಯ ಮೇಲೊಂದು ಟ್ಯಾಬು. ಟ್ಯಾಬಿನೊಳಗೆ ಕೊರಳಿಗೆ ಟೈ ಬಿಗಿದುಕೊಂಡ ಮೊಲವೊಂದು ಒಂದೇ ಸಮನೆ ಹಲ್ಲು ಕಿರಿಯುತ್ತಿತ್ತು.

“ಗೆಳತಿ, ಬಿದ್ದದ್ದು ನಿನಗೆ ಮತ್ತೆ ಮತ್ತೆ ನೆನಪಾಗುತ್ತಾ?” ಎಂದಿತು ಮೊಲ, ಐಸ್‌ಕ್ರೀಂ ಬೇಕಾ ಎನ್ನುವ ಧಾಟಿಯಲ್ಲಿ.

ಅಮ್ಮನಿಗೆ ಮೈ ಉರಿಯಿತು. ಪೆಟ್ಟಾದ ಮಕ್ಕಳ ಮನಸ್ಸಿಗೂ ಪೆಟ್ಟು ಬಿದ್ದಿದೆಯೇ ಎಂದು ಈ ಟೈ ಕಟ್ಟಿದ ಮೊಲ ಕಂಡುಹಿಡಿಯುತ್ತದಂತೆ. ಟ್ಯಾಬು ಹಿಡಿದು ತಂದ ಸ್ಕ್ರೀನಿಂಗ್ ಮೇಡಂ ಹಾಗೆಂದು ಹೆಮ್ಮೆಯಿಂದ ಹೇಳಿದ್ದಳು. ಕೆಂಪು ಬಂದರೆ ಎದುರು ಕೋಣೆಯ ಮಕ್ಕಳ ಮನಸ್ಸಿನ ಡಾಕ್ಟರು ನೋಡುತ್ತಾರೆ. ಹಸಿರು ಬಂದರೆ ನೆಟ್ಟಗೆ ಮನೆಗೆ.

ಅಮ್ಮನಿಗೆ ಆ ಎದುರು ಕೋಣೆ ಬೇಕಿತ್ತು. ಸ್ಕೂಟರಿನಿಂದ ಬಿದ್ದ ದಿನದಿಂದ ಚಿನ್ನಿ ಹಾಸಿಗೆ ಒದ್ದೆ ಮಾಡುತ್ತಿದ್ದಳು. ಯಾರೂ ಏಳುವ ಮೊದಲೇ ಹೊದಿಕೆ ಮಡಿಸಿ ಬಕೆಟ್ಟಿನ ಹಿಂದೆ ತುರುಕುತ್ತಿದ್ದಳು. ಅಮ್ಮ ಏನೂ ಕಾಣದವಳಂತೆ ಒಗೆದು ಹಾಕುತ್ತಿದ್ದಳು. ಬೀದಿಯಲ್ಲಿ ಹಾರನ್ ಕೇಳಿದರೆ ಸಾಕು, ಮಗುವಿನ ಉಗುರು ಅಮ್ಮನ ತೋಳಿಗಿಳಿಯುತ್ತಿತ್ತು. ಏನಾಯಿತೇ ಎಂದರೆ ಬಾಯಿಗೆ ಬೀಗ.

ಈಗಲೂ ಅಷ್ಟೇ. ಪ್ರತಿ ಪ್ರಶ್ನೆಗೂ ಚಿನ್ನಿ ಮೊದಲು ಅಪ್ಪನ ಮುಖ ನೋಡುತ್ತಿದ್ದಳು, ಆಮೇಲೆ ಪರದೆಯ ಮೇಲಿನ ನಗುವ ಮುಖವನ್ನು ಒತ್ತುತ್ತಿದ್ದಳು. ಆ ದಿನ ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಸ್ಕೂಟರ್ ಓಡಿಸಿದವನು ಅಪ್ಪ. ಆ ಮುಖ ಸ್ವಲ್ಪ ಬಾಡಿದರೂ ಮಗುವಿನ ಜೀವ ತಡೆಯುತ್ತಿರಲಿಲ್ಲ.

ಹಸಿರು ಬಂತು. ಬಲೂನು ಹಾರಿದವು. ಮೊಲ ಕುಣಿಯಿತು.

“ಎಷ್ಟು ಗಟ್ಟಿ ಹುಡುಗಿ ನೋಡಿ,” ಎಂದಳು ಮೇಡಂ. ಅಪ್ಪ ತಲೆಹೊರೆ ಇಳಿಸಿದವನಂತೆ ಉಸಿರು ಬಿಟ್ಟ.

“ಇನ್ನೊಂದ್ಸಲ ಕೇಳಿ ಮೇಡಂ,” ಎಂದಳು ಅಮ್ಮ.

“ಸಬ್ಮಿಟ್ ಆಗೋಯ್ತು. ಇನ್ನು ಮುಂದಿನ ಸಲ ಬಂದಾಗಲೇ.”

“ತಾಯಿ ಹೇಳಿದ್ರೆ ನಡೆಯಲ್ವಾ?”

“ತಾಯಂದಿರು ಗಾಬರೀಲಿ ಏನೇನೋ ಹೇಳ್ತಾರೆ. ಅದಕ್ಕೇ ಅಲ್ವಾ ಆ್ಯಪ್ ಮಾಡಿರೋದು.”

ಹೆತ್ತವಳಿಗೆ ಗಾಬರಿಯಂತೆ, ಮೊಲಕ್ಕೆ ಮಾತ್ರ ಬುದ್ಧಿ ನೆಟ್ಟಗಿದೆಯಂತೆ. ಅಮ್ಮ ಬಾಯಿಗೆ ಬಂದದ್ದನ್ನು ನುಂಗಿ ಗಂಡನ ಕಡೆ ತಿರುಗಿದಳು. “ರೀ, ಔಷಧಿ ಅಂಗಡೀಲಿ ಕ್ಯೂ ಬೆಳೀತಾ ಇರುತ್ತೆ. ಹೋಗಿ ನಿಂತ್ಕೊಳ್ಳಿ.”

ಅವನು ಹೋದ ಮೇಲೆ ಅಂದಳು, “ಗಾಡಿ ಬೀಳಿಸಿದ ಅಪ್ಪನ್ನ ಪಕ್ಕದಲ್ಲೇ ಕೂರಿಸ್ಕೊಂಡು ಕೇಳಿದ್ರೆ ಮಗು ಇನ್ನೇನು ಹೇಳುತ್ತೆ?”

“ಅಪ್ಪ ಅಮ್ಮ ಜೊತೆಗಿದ್ರೆ ಮಕ್ಕಳಿಗೆ ಧೈರ್ಯ ಅಂತ ಟ್ರೈನಿಂಗಲ್ಲಿ ಹೇಳಿದಾರೆ,” ಎಂದ ಮೇಡಂ, ಈ ಹೆಂಗಸಿನ ಕಾಟ ತಪ್ಪಿದರೆ ಸಾಕೆಂದು ಟ್ಯಾಬನ್ನು ಮತ್ತೆ ಒತ್ತಿ ಕೊಟ್ಟಳು. “ಬೇಕಾದ್ರೆ ಪ್ರಾಕ್ಟೀಸಲ್ಲಿ ಆಡಲಿ. ಅದು ಲೆಕ್ಕಕ್ಕೆ ಬರಲ್ಲ.”

“ಅಪ್ಪಂಗೆ ಕಾಣುತ್ತಾ?” ಚಿನ್ನಿ ಕೇಳಿದಳು.

“ಯಾರಿಗೂ ಕಾಣಲ್ಲ ಪುಟ್ಟಾ,” ಎಂದಳು ಮೇಡಂ.

ಚಿನ್ನಿ ಎಡಗೈಯಲ್ಲಿ ಅಳುವ ಮುಖ ಒತ್ತಿದಳು. ಮುಂದಿನದಕ್ಕೂ ಅದೇ. ಅದರ ಮುಂದಿನದಕ್ಕೆ ಮೊಲ ಮಾತು ಮುಗಿಸುವುದನ್ನೂ ಕಾಯಲಿಲ್ಲ. ಪರದೆಯೆಲ್ಲ ಕೆಂಪಾಯಿತು, ಬೇರೇನೂ ಬಾರದ ಮೊಲ ಈಗಲೂ ಕುಣಿಯಿತು.

ಮೇಡಂ ಪರದೆಯನ್ನು ನೋಡಿ ತುಸು ಮೆತ್ತಗಾದಳು. “ಆದ್ರೆ ಇದು ಸೇವ್ ಆಗಲ್ಲ. ಡಾಕ್ಟರ ಲಿಸ್ಟಿಗೆ ಹೋಗಲ್ಲ.”

ಅಮ್ಮ ಒಂದು ಕೈಯಲ್ಲಿ ಟ್ಯಾಬು, ಇನ್ನೊಂದರಲ್ಲಿ ಮಗಳ ಎಡಗೈ ಹಿಡಿದು ಎದ್ದಳು.

“ಅಮ್ಮಾ, ಟ್ಯಾಬು...” ಮೇಡಂ ಹಿಂದೆಯೇ ಬಂದಳು.

“ನಿಮ್ಮ ಮೊಲಾನ ನಾನೇನು ಸಾಕ್ಕೊಳ್ಳಲ್ಲ. ಡಾಕ್ಟರಿಗೆ ತೋರಿಸಿ ಕೊಡ್ತೀನಿ.”

ಎದುರು ಕೋಣೆಯ ಬಾಗಿಲು ಮುಟ್ಟುವಷ್ಟರಲ್ಲಿ ಅಪ್ಪ ಔಷಧಿ ಪೊಟ್ಟಣ ಹಿಡಿದು ಬಂದ. ಕೆಂಪು ಪರದೆ ಅವನ ಕಣ್ಣಿಗೇ ಬಿತ್ತು.

“ಸುಮ್ನೆ ಪ್ರಾಕ್ಟೀಸು ಅಪ್ಪಾ,” ಚಿನ್ನಿ ಗಡಿಬಿಡಿಯಿಂದ ಅಂದಳು. “ನಂಗೇನೂ ಆಗಿಲ್ಲ.” ನಕ್ಕೂ ತೋರಿಸಿದಳು.

ಅಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತ.

“ಹಂಗೆ ನಗಬೇಡ ಮಗಳೇ. ನಾನು ಫೋನಲ್ಲಿ ಮಾತಾಡ್ತಿದ್ದೆ, ಅದಕ್ಕೇ ಬಿದ್ವಿ. ಅದನ್ನೂ ಒಳಗೆ ಹೇಳು.”

“ಹೇಳಿದ್ರೆ ನೀನು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀಯ.”

ಅಪ್ಪ ತಲೆ ತಗ್ಗಿಸಿದ. “ಅಳ್ತೀನಿ. ಅತ್ತು ಮುಖ ತೊಳ್ಕೋತೀನಿ. ನೀನು ಹೇಳು.”

ಅಮ್ಮ ಬಾಗಿಲು ತಟ್ಟಿ ಅರ್ಧ ತೆರೆದಳು.

“ಹೆಸರು ಲಿಸ್ಟಲ್ಲಿದೆಯಾ?” ಒಳಗಿಂದ ಡಾಕ್ಟರು ಕತ್ತೆತ್ತದೆ ಕೇಳಿದರು.

“ಲಿಸ್ಟಲ್ಲಿಲ್ಲ. ಬಾಗಿಲಲ್ಲಿದ್ದಾಳೆ.”

ಡಾಕ್ಟರು ಕತ್ತೆತ್ತಿ ಚಿನ್ನಿಯನ್ನು ನೋಡಿದರು. ಆಮೇಲೆ ಎದುರಿನ ಕುರ್ಚಿಯ ಮೇಲಿದ್ದ ಫೈಲುಗಳನ್ನು ನೆಲಕ್ಕಿಳಿಸಿದರು. ಚಿನ್ನಿ ಒಮ್ಮೆ ಹಿಂತಿರುಗಿ ನೋಡಿ ಒಳಗೆ ಹೋದಳು. ಅಪ್ಪ ಹೊರಗೇ ಉಳಿದ.